ಹಾರ್ನ್ ಹೊಡೆದರೆ ಪೆನ್ ಕೆಳಗೆ

ನಾದಿನಿ ಸ್ಫೂರ್ತಿಯನ್ನು ಎಂಜಿನಿಯರ್ ಮಾಡದಿದ್ದರೆ ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳೇ ಅಲ್ಲ ಎಂದು ಘೋಷಿಸಿಬಿಟ್ಟೆ! ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟಿರುವ ಮಾವ ಕೊಟ್ರಬಸಪ್ಪನವರು ಮಗಳಿಗೆ ಮೊದಲೇ ಗೆರೆ ಎಳೆದಿದ್ದರು: ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಮದುವೆ. ಹಾಗಾಗಿ ಅವಳು ಪುಸ್ತಕದ ಗಂಟು ಹೊತ್ತು ಯಶವಂತನಗರದ ನಮ್ಮ ಗಣಿ ಕ್ವಾರ್ಟರ್ಸಿಗೆ, ಅಂದರೆ ನನ್ನ ವಶಕ್ಕೆ ಬಂದಳು.

ನನ್ನ ಪದ್ಧತಿ ಪರಮ ವೈಜ್ಞಾನಿಕ. ಗಡಿಯಾರ ನೋಡಿದರೆ ಗಾಬರಿಯಾಗುತ್ತದೆ (ನನಗಂತೂ ಈಗಲೂ ಆಗುತ್ತದೆ) ಎಂದು ಅವಳ ವಾಚು ಕಿತ್ತುಕೊಂಡೆ, ಗೋಡೆಯ ಗಡಿಯಾರವನ್ನು ಅಟ್ಟಕ್ಕೇರಿಸಿದೆ. ಮಧ್ಯಾಹ್ನ ಗಣಿಯ ಬ್ಲಾಸ್ಟಿಂಗ್ ಸೈರನ್ ಕೂಗಿದರೆ ಮಾದರಿ ಪ್ರಶ್ನೆಪತ್ರಿಕೆ ಕೈಗೆ. ಶಿಫ್ಟ್ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆದರೆ ಪೆನ್ ಕೆಳಗೆ. ಎರಡರ ನಡುವೆ ಪರೀಕ್ಷೆಯಷ್ಟೇ ಹೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಬೇರೆ ಕೆಲಸವಿಲ್ಲದೆ, ನಾನೇ ಅಳೆದಿದ್ದೆ.

ಅರವತ್ತಕ್ಕೆ ನಲವತ್ತೊಂದು ಬಂತು. ಮರುವಾರವೂ ನಲವತ್ತೊಂದು. ಅದರ ಮರುವಾರ ಅಂಕಗಳು ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟವು. ಬಾದಾಮಿ ನೆನೆಸಿದೆ, ಟಿವಿಯ ವೈರು ಕಿತ್ತೆ, ಅದಿರಿನ ಕೆಂಪು ಧೂಳು ಹುಡುಗಿಯ ಮಿದುಳಿಗಿಳಿಯದಿರಲೆಂದು ಕಿಟಕಿಗಳಿಗೆಲ್ಲ ನನ್ನ ಸೀರೆ ಉಡಿಸಿದೆ. ಊಹೂಂ! ಪ್ರತಿ ಸಲವೂ ಕೊನೆಯ ಪ್ರಶ್ನೆಗಳೆಲ್ಲ ಖಾಲಿ.

"ಅತ್ತಿಗಿ, ಟೈಮ್ ಸಾಲವಲ್ದು," ಎಂದಳು ಸ್ಫೂರ್ತಿ.

"ಟೈಮು ಎಲ್ಲರಿಗೂ ಒಂದೇ ಕಣೇ. ನಿನಗೆ ಸಾಲದೇ ಇರೋದು ಧೈರ್ಯ."

ಅಷ್ಟರಲ್ಲಿ ಮಾವನ ಫೋನು: ಹೊಸಪೇಟೆಯಲ್ಲಿ ಒಬ್ಬ ವರ ಇದ್ದಾನಂತೆ. ನಾನು ಇನ್ನೊಂದು ಹಿಡಿ ಬಾದಾಮಿ ನೆನೆಸಿದೆ. ಸ್ಫೂರ್ತಿ ಮಾತ್ರ ಹಲ್ಲು ಕಚ್ಚಿ ಕೂತಳು. ಅನ್ನ ಕಲಸುತ್ತಾ ಲೆಕ್ಕ, ನನ್ನ ಮಗನಿಗೆ ಉಣ್ಣಿಸುತ್ತಾ ಲೆಕ್ಕ. ಕೈ ಎಷ್ಟು ಓಡಿದರೂ ನಲವತ್ತನಾಲ್ಕು ದಾಟಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಪವಾಡ ನಡೆಯಿತು. ಮಗನನ್ನು ಮಲಗಿಸಲು ಹೋಗಿ ನಾನೂ ನಿದ್ದೆ ಹೋಗಿದ್ದೆ. ಸ್ಫೂರ್ತಿ ಎಬ್ಬಿಸಿ ಪೇಪರ್ ಕೊಟ್ಟಳು. ಐವತ್ತೇಳು! ಬಾದಾಮಿಯ ಮಹಿಮೆಯನ್ನು ಕೂಡಲೇ ಪಕ್ಕದ ಮನೆಯ ಜಂಬಕ್ಕನಿಗೆ ಸಾರಿ ಬಂದೆ.

ಸಂಜೆ ನಮ್ಮೆಜಮಾನರು ವೀರೇಶ್ ತಲೆ ಕೆರೆದುಕೊಂಡರು. "ಇವತ್ತ ಶಿಫ್ಟ್ ಬಸ್ ಕೆಟ್ಟು ನಿಂತಿತ್ತಲ್ಲ. ನೀ ಯಾವ ಹಾರ್ನ್ ಕೇಳಿ ಪೆನ್ ಇಡಿಸಿದಿ?"

ಯಾವ ಹಾರ್ನೂ ಇಲ್ಲ, ನಾನು ನಿದ್ದೆಯಲ್ಲಿದ್ದೆನಲ್ಲ! ಪೇಪರನ್ನು ಮೆಲ್ಲಗೆ ಮಡಿಚಿಟ್ಟೆ.

"ಮತ್ತ, ಅದಿರು ಲಾರಿ ರೋಡ್ ತುಂಬ ನಿಲ್ತಾವಂತ ಎರಡು ವರ್ಷದಿಂದ ಬಸ್ ಇಪ್ಪತ್ತು ನಿಮಿಷ ಜಲ್ದಿ ಬಿಡ್ತಾರ. ನಿನಗ ಗೊತ್ತಿಲ್ಲೇನು?"

ಸ್ಫೂರ್ತಿ ನನ್ನನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಹೊರಳಾಡಿ ನಕ್ಕಳು.

ನಿಜವಾದ ಪರೀಕ್ಷೆಯಲ್ಲಿ ಎಲ್ಲರೂ ಬೆವರೊರೆಸಿಕೊಳ್ಳುತ್ತಿದ್ದಾಗ ನಮ್ಮ ಹುಡುಗಿ ಮುಗಿಸಿ, ಎರಡು ಸಲ ತಾಳೆ ನೋಡಿ, ಮೇಲ್ವಿಚಾರಕಿಯ ಸೀರೆಯ ಅಂಚು ನೋಡುತ್ತಾ ಕೂತಿದ್ದಳಂತೆ. ಬಳ್ಳಾರಿಯಲ್ಲೇ ಸರ್ಕಾರಿ ಸೀಟು! ಹೊಸಪೇಟೆಯ ವರ ಹಾಗೇ ಉಳಿದ.

ಮಾವನವರು ಶಾಲು, ಹಾರ ಹಿಡಿದು ಜೀಪಿನಲ್ಲಿ ಬರುತ್ತಿದ್ದಾರೆಂದು ತಿಳಿದು ನಾನು ರೇಷ್ಮೆ ಸೀರೆ ಉಟ್ಟೆ. ಕನ್ನಡಿಯ ಮುಂದೆ ವಿನಯದ ನಗೆಯನ್ನೂ ಅಭ್ಯಾಸ ಮಾಡಿದೆ. ಅವರು ಬಂದು ನೀರು ಕುಡಿದು ಕೇಳಿದರು, "ಆ ಬಸ್ಸಿನ ಡ್ರೈವರ್ ಎಲ್ಲಿ ಸಿಗ್ತಾನವ್ವ?"

ಗೇಟಿನಲ್ಲಿ ಡ್ರೈವರ್ ಜಡೆಪ್ಪನ ಕೊರಳಿಗೆ ಹಾರ ಬಿತ್ತು. "ಯಜಮಾನ್ರ, ನಾ ಏನ್ ಮಾಡೀನ್ರಿ?" ಎಂದ ಆತ, ಕಕ್ಕಾಬಿಕ್ಕಿಯಾಗಿ.

"ದಿನಾ ಜಲ್ದಿ ಬಂದಿಯಲ್ಲಪ್ಪ, ಸಾಕು."

ಆ ಫೋಟೋ ಈಗ ಕಂಪ್ಲಿಯ ಮನೆಯ ಪಡಸಾಲೆಯಲ್ಲಿದೆ. ನಡುವೆ ಶಾಲು ಹೊದ್ದ ಜಡೆಪ್ಪ, ಆಚೆ ಮಾವ, ಈಚೆ ನಮ್ಮ ಎಂಜಿನಿಯರು. ಭಾಳ ಚೆನ್ನಾಗಿ ಬಂದಿದೆ. ತೆಗೆದವಳು ನಾನೇ.