ಬಗೆ ಹೇಳದಿದ್ದರೂ ನಡೆಯುತ್ತದೆ

ಮಾಡಿದರೆ ಒಳ್ಳೆಯದು, ಬಿಟ್ಟರೂ ನಡೆಯುತ್ತದೆ ಎಂದ ಕೆಲಸವನ್ನು ನಮ್ಮ ಕಡೆ ಯಾರೂ ಮಾಡುವುದಿಲ್ಲ. ಮಾಡದವರಲ್ಲಿ ಮೊದಲಿಗ ನಾನೇ. ಎಂಬತ್ತರ ದಶಕದಲ್ಲಿ ಗದಗಿನ ಕಾಲೇಜೊಂದರಲ್ಲಿ ಗಣಿತದ ಜೊತೆ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಳೆಯ ಮೇಲೆ ಪ್ರೋಗ್ರಾಂ ಬರೆದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದು ಕೊಟ್ಟರೆ ವಾರಕ್ಕೆ ಉತ್ತರ ಬರುತ್ತಿತ್ತು. ಆ ಕ್ಲಾಸೆಂದರೆ ನನಗೆ ಜೀವ.

ಜೋಳ

ಆ ಭಾಷೆಯಲ್ಲಿ ಒಂದೊಂದು ಸಂಖ್ಯೆಗೂ ಒಂದು ಹೆಸರಿಡಬೇಕು. ಪ್ರತಿ ಹೆಸರಿನ ಬಗೆ, ಅಂದರೆ ಪೂರ್ಣಾಂಕವೋ ದಶಾಂಶವೋ ಎಂಬುದನ್ನು ಮೊದಲೇ ಬರೆಯಬಹುದು. ಬರೆಯದಿದ್ದರೆ ಭಾಷೆಯೇ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ನೋಡಿ ತೀರ್ಮಾನಿಸುತ್ತದೆ. ಐ ಇಂದ ಎನ್ ವರೆಗಿದ್ದರೆ ಪೂರ್ಣಾಂಕ, ಉಳಿದದ್ದು ದಶಾಂಶ. ಪೂರ್ಣಾಂಕವಾದರೆ ಬಿಂದುವಿನ ಆಚೆಯದ್ದೆಲ್ಲ ಕತ್ತರಿಸಿ ಹೋಗುತ್ತದೆ. ಬರೆಯದೆ ಬಿಡುವ ಸವಲತ್ತು ಕೊಟ್ಟ ಮೇಲೆ ಊಹಿಸುವ ನಿಯಮವನ್ನೂ ಮಾಡಬೇಕಾಯಿತಲ್ಲ, ಪಾಪ. ಬಗೆ ಬರೆಯುವುದೆಲ್ಲ ಬೇಡ ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಟ್ಟೆ.

ಮಲ್ಲಸಮುದ್ರದ ರೈತರೊಬ್ಬರ ಎಕರೆವಾರು ಇಳುವರಿ ಲೆಕ್ಕ ಹಾಕಿಸಿದೆವು. ಹತ್ತಿಗೆ ಎಚ್, ಸರಿಯಾಗಿ ಬಂತು. ಜೋಳಕ್ಕೆ ಜೆ, ಎರಡೂ ಮುಕ್ಕಾಲು ಕ್ವಿಂಟಲ್ ಹೋಗಿ ಎರಡಾಯಿತು. ರೈತರು ಸೀದಾ ಪ್ರಿನ್ಸಿಪಾಲರ ಹತ್ತಿರ ಹೋದರು.

"ನಿಮ್ಮ ಮಷೀನು ಹತ್ತಿ ಮುಟ್ಟೂದಿಲ್ರಿ. ಜ್ವಾಳ ಮಾತ್ರ ತಿಂತೈತಿ."

ಇನ್ನೊಂದು ತಪ್ಪು ಉತ್ತರ ಬಂದರೆ ಕ್ಲಾಸು ಬಂದ್ ಎಂದರು ಪ್ರಿನ್ಸಿಪಾಲರು.

ಅತ್ತಿ, ಮಾವ

ಮುಂಡರಗಿಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಮಂದಿಯನ್ನು ಎಣಿಸಿದ. ಅವನೂ ಬಗೆ ಬರೆಯಲಿಲ್ಲ. ಮಾವ 1 ಎಂದು ಬಂತು, ಅತ್ತಿ 1.0000 ಎಂದು ಬಂತು. ಲೆಕ್ಕ ತಪ್ಪಲ್ಲ, ಸದ್ಯ ಬದುಕಿದೆ. ಅತ್ತಿ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಈ ಮನೆಯಲ್ಲಿ ಯಾರು ಎಷ್ಟು ಎಂಬುದು ಹುಬ್ಬಳ್ಳಿಯವರೆಗೂ ಗೊತ್ತಿದೆ ಎಂದು ಗಂಡನಿಗೆ ಹೇಳಿದರಂತೆ.

ಪ್ರಿನ್ಸಿಪಾಲರು

ಆಮೇಲೆ ತಪಾಸಣೆಯ ಸಮಿತಿ ಬಂತು. ಕಾಲೇಜಿನ ಸಿಬ್ಬಂದಿಯ ಪಟ್ಟಿಯನ್ನು ಕಂಪ್ಯೂಟರಿನಿಂದಲೇ ತೆಗೆಸಿ ತೋರಿಸಬೇಕೆಂದು ಪ್ರಿನ್ಸಿಪಾಲರ ಅಪ್ಪಣೆ. ಅವರಿಗೆ ಲಕ್ಷ್ಮೇಶ್ವರದ ಕಾಲೇಜಿನ ಜವಾಬ್ದಾರಿಯೂ ಇತ್ತು. ಹಾಗಾಗಿ ನಮ್ಮ ಪಟ್ಟಿಯಲ್ಲಿ ಅವರು ಅರ್ಧ. ಜೋಳದಿಂದ ಬುದ್ಧಿ ಬಂದಿತ್ತು, ಎಲ್ಲರ ಬಗೆಯನ್ನೂ ಬರೆದೆ. 'ಮುಖ್ಯ' ಎಂದು ಹೆಸರಿಟ್ಟಿದ್ದ ಪ್ರಿನ್ಸಿಪಾಲರದ್ದನ್ನು ಮಾತ್ರ ಬಿಟ್ಟೆ. ಹಿರಿಯರಿಗೆ ಇಂಥ ಬಗೆ ಎಂದು ನಾನು ಹೇಳುವುದೇ?

ಮುಖ್ಯಕ್ಕೆ ಎಮ್. ಅರ್ಧ ಹೋಯಿತು.

ಸಮಿತಿಯ ಹಿರಿಯರು ಹಾಳೆ ಓದಿದರು: ಪ್ರಿನ್ಸಿಪಾಲರು, 0. ಎದುರಿಗೇ ಕೂತಿದ್ದ ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಇವತ್ತಿಗೇ ಈ ಕ್ಲಾಸು ಬಂದ್ ಎಂದರು.

ಹಿರಿಯರು ಹಾಳೆ ಮಡಚಿ ಪ್ರಿನ್ಸಿಪಾಲರ ಕಡೆ ನೋಡಿದರು.

"ಈ ಕ್ಲಾಸು ಬಂದ್ ಮಾಡಬ್ಯಾಡ್ರಿ, ಖರೆ ಹೇಳತೈತಿ. ಎರಡು ವರ್ಷದಾಗ ನಾ ಬಂದಾಗೆಲ್ಲಾ ಇಲ್ಲಿ ಈ ಹಾಳ್ಯಾಗ ಇದ್ದಷ್ಟ ಪ್ರಿನ್ಸಿಪಾಲರು ಸಿಕ್ಕಾರ."