ಚರ್ಮದ ಡಾಕ್ಟರಿಗೆ ಸಿಕ್ಕವರು

ಕುಂದಾಪುರದಲ್ಲಿ ನನ್ನ ಕ್ಲಿನಿಕ್, ವಾರಕ್ಕೊಮ್ಮೆ ಬೈಂದೂರು. ಬರುವವರಲ್ಲಿ ಹೆಚ್ಚಿನವರು ತುರಿಕೆಯವರು. ಕ್ಯಾನ್ಸರ್ ಎಂಬ ಮಾತು ಎತ್ತಬೇಕಾಗುವುದು ಅಪರೂಪ. ಆದರೆ ಎತ್ತಿದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ನಗಿಸಿಯೇ ಹೋಗುತ್ತಾರೆ. ಯಾಕೆಂದು ನನಗೂ ಗೊತ್ತಿಲ್ಲ.

ಅದೃಷ್ಟದ ಮಚ್ಚೆ

ಬೈಂದೂರಿನವರೊಬ್ಬರು, ಮುಂಬೈಯಲ್ಲಿ ಹೋಟೆಲ್. ಊರಿಗೆ ಬಂದಾಗ ಹೆಂಡತಿ ಎಳೆದುಕೊಂಡೇ ಬಂದರು. ಅಂಗಾಲಿನ ಕರಿ ಮಚ್ಚೆ ದೊಡ್ಡದಾಗುತ್ತಿತ್ತು. ಅಂಗಾಲಿನಲ್ಲಿ ಹಾಗಾದರೆ ನಮಗೆ ಭಯ. ತೆಗೆದು ಪರೀಕ್ಷೆಗೆ ಕಳಿಸೋಣ ಎಂದೆ.

"ಅದ್ ಮಾತ್ರ ಆತಿಲ್ಲೆ ಡಾಕ್ಟ್ರೆ. ಈ ಮಚ್ಚೆ ಬಂದ ಮೇಲೇ ನಂಗೆ ಎರಡ್ನೇ ಹೋಟ್ಲ್ ಆದ್ದ್."

"ಹೋಟ್ಲ್ ನಾನ್ ಕಾಣ್ತೆ, ನೀವ್ ಕಾಲ್ ಚಾಚಿ," ಎಂದರು ಹೆಂಡತಿ.

ಚಾಚಿದರು, ಮಚ್ಚೆ ತೆಗೆದೆ. ವರದಿ ಬರುವವರೆಗೆ ಇಬ್ಬರಿಗೂ ಊಟ ಸೇರಲಿಲ್ಲವಂತೆ. ಕೊನೆಗೆ ಬಂತು: ಬರೀ ಮಚ್ಚೆ, ಕ್ಯಾನ್ಸರ್ ಅಲ್ಲ. ಹೆಂಡತಿ ಕಣ್ಣೊರೆಸಿಕೊಂಡರು. ಗಂಡ ಅಂಗಾಲನ್ನು ತಿರುಗಿಸಿ ನೋಡಿಕೊಂಡು ಕೇಳಿದರು:

"ಹಂಗಾರೆ ವಾಪಾಸ್ ಹಾಕ್ಲಕ್ಕಾ?"

ಹಾರ್ನ್

ಸಿದ್ದಾಪುರದ ಬಸ್ಸಿನ ಡ್ರೈವರ್ ಒಬ್ಬರು. ಆಪರೇಷನ್ ಆಗಿ ಈಗಲೂ ಆರಾಮಾಗಿ ಬಸ್ಸು ಓಡಿಸುತ್ತಾರೆ, ಆದರೆ ಅದಕ್ಕೆ ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ವರ್ಷಗಟ್ಟಲೆ ಕಿಟಕಿಯಾಚೆ ಬಿಸಿಲಿಗೊಡ್ಡಿದ ಬಲಗೈಯಲ್ಲಿ ಗುಣವಾಗದ ಹುಣ್ಣು. ಚರ್ಮದ ಕ್ಯಾನ್ಸರ್. ಅವರು ಮಾತ್ರ "ಮದ್ದ್ ಹಚ್ಚಿ ಕಾಂಬ" ಎನ್ನುತ್ತಿದ್ದರು. ಕೊನೆಗೆ ಅವರ ಕಸುಬಿನ ಮಾತಲ್ಲೇ ಹೇಳಿದೆ:

"ಜೀವಕೋಶಕ್ಕೂ ಬ್ರೇಕ್ ಇರುತ್ತದೆ. ಗಡ್ಡೆ ಬೆಳೆಯದ ಹಾಗೆ ತಡೆಯುವ ಜೀನ್ ಅಂದರೆ ಅದೇ. ಬಿಸಿಲು ಬಿದ್ದು ಬಿದ್ದು ನಿಮ್ಮ ಕೈಯಲ್ಲಿ ಆ ಬ್ರೇಕ್ ಹೋಗಿದೆ."

ಡ್ರೈವರ್ ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ಜೊತೆಗೆ ಬಂದಿದ್ದ ಕಂಡಕ್ಟರ್ ನನ್ನತ್ತ ಬಗ್ಗಿ ಮೆಲ್ಲಗೆ ಹೇಳಿದರು:

"ಬ್ರೇಕ್ ಹೋದ್ರೆ ಇವ್ರಿಗೆ ಹೆದ್ರಿಕಿ ಇಲ್ಲೆ ಡಾಕ್ಟ್ರೆ. ಹಾರ್ನ್ ಹೋಯ್ತ್ ಅಂತ್ ಹೇಳಿ."

ಬ್ರಹ್ಮಾವರದ ಭಾಷಣ

ಅಲ್ಲಿನ ಮಹಿಳಾ ಮಂಡಳಿಯಲ್ಲಿ ಮಾತಾಡಲು ಕರೆದಿದ್ದರು. ಆಗಷ್ಟೇ ಓದಿದ್ದ ಮೈಕ್ರೋ ಆರ್‌ಎನ್‌ಎ ತಲೆಯೊಳಗೆ ಕುಣಿಯುತ್ತಿತ್ತು, ಹೇಳದಿರಲು ಆಗಲಿಲ್ಲ.

"ಜೀನ್‌ಗಳು ಅದು ಮಾಡು, ಇದು ಮಾಡು ಎಂದು ಆಜ್ಞೆ ಕಳಿಸುತ್ತವೆ. ಜೀವಕೋಶದೊಳಗೆ ಉದ್ದದ ಎಳೆಯನ್ನು ಕತ್ತರಿಸಿ ಮಾಡಿದ, ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ತುಂಡುಗಳು ಆ ಆಜ್ಞೆಯನ್ನು ದಾರಿಯಲ್ಲೇ ತಡೆಯುತ್ತವೆ. ಕತ್ತರಿಸುವ ಕೆಲಸ ಕೆಟ್ಟರೆ ಬೇಡದ ಆಜ್ಞೆಗಳೂ ನಡೆದುಬಿಡುತ್ತವೆ. ಕೆಲವು ಕ್ಯಾನ್ಸರ್ ಬೆಳೆಯುವುದು ಹಾಗೆ."

ಯಾರಿಗೂ ತಲೆಗೆ ಹೋಗಲಿಲ್ಲ ಎಂದುಕೊಂಡೆ. ಆಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ ವಿವರಿಸಿದರು:

"ಎಂತ ಇಲ್ಲೆ ಮಾರಾಯ್ತಿ. ನಮ್ಮನಿ ಗಂಡ್ಸ್ರ್ ಹೇಳಿದ್ದ್ ಅಡ್ಗಿಮನಿಗೆ ಮುಟ್ಟುಕೆ ಮುಂಚೆ ನಾನ್ ನಿಲ್ಸುದಿಲ್ಯಾ, ಅದೇ."

ಐಸಿಗೆ ಹಾಕಿದ್ದು

ಹೆಮ್ಮಾಡಿ ಕಡೆ ಮೀನು ಮಾರುವ ಅಕ್ಕ ಒಬ್ಬರಿಗೆ ಮೂಗಿನ ಪಕ್ಕ ಕಪ್ಪು ಗಂಟು. ಕ್ಯಾನ್ಸರ್ ಎಂದಾಗ, ಬಾಗಿಲ ಹೊರಗಿಟ್ಟ ಬುಟ್ಟಿಯನ್ನೂ ಮರೆತು ಕೂತುಬಿಟ್ಟರು.

"ಮುಖ ಹಾಳಾದ್ರೆ ನನ್ ಹತ್ರ ಯಾರ್ ಮೀನ್ ತಕಂತ್ರ್ ಡಾಕ್ಟ್ರೆ?"

ಮಳೆಗಾಲಕ್ಕೆ ಮುಂಚೆಯೇ ಮಾಡಿದ ಆಪರೇಷನ್ನಿನಲ್ಲಿ ಗಂಟು ಪೂರ್ತಿ ಹೋಯಿತು, ಉಳಿದದ್ದು ಸಣ್ಣ ಕಲೆ. ಅವರ ಒಪ್ಪಿಗೆ ಕೇಳಿ, ಗಂಟಿನ ಒಂದು ಚೂರನ್ನು ಮೈಕ್ರೋ ಆರ್‌ಎನ್‌ಎ ಸಂಶೋಧನೆ ಮಾಡುವ ಹುಡುಗಿಗೆ ಕೊಟ್ಟಿದ್ದೆ. ಮಳೆಗಾಲ ಮುಗಿದು ಅಕ್ಕ ತಪಾಸಣೆಗೆ ಬಂದ ದಿನ ಆ ಹುಡುಗಿಯೂ ಅಲ್ಲೇ ಇದ್ದಳು.

"ನನ್ ಗಂಟ್ ಎಂತ ಮಾಡಿದ್ರಿ?" ಅಕ್ಕ ಕೇಳಿದರು.

"ಇನ್ನೂ ನೋಡ್ಲಿಕ್ಕೆ ಆಗ್ಲಿಲ್ಲ ಅಕ್ಕ. ಭಾರೀ ತಣ್ಣಗಿನ ಫ್ರೀಜರಲ್ಲಿ ಇಟ್ಟಿದ್ದೇವೆ. ಈಗಲೂ ಒಳ್ಳೇ ಫ್ರೆಶ್!"

ಅಕ್ಕ ನನ್ನ ಕಡೆ ತಿರುಗಿದರು. ನನ್ನ ಕ್ಲಿನಿಕ್ಕಿನಲ್ಲಿ ಅವರು ನಕ್ಕದ್ದು ಅದೇ ಮೊದಲು.

"ಹ್ವಾಯ್ ಡಾಕ್ಟ್ರೆ, ಮಳಿಗಾಲಕ್ಕೆ ಮುಂಚೆ ಐಸಿಗೆ ಹಾಕಿದ್ದನ್ನ ಈಗ ಫ್ರೆಶ್ ಅಂಬುಕೆ ನಂಗೇ ಬಾಯಿ ಬತ್ತಿಲ್ಲೆ. ಈ ಹೆಣ್ಣನ್ನ ನಾಳಿಂದ ನನ್ನೊಟ್ಟಿಗೆ ಮೀನ್ ಮಾರುಕೆ ಕಳ್ಸಿ!"