ಕಾಮಿನಿಯ ಕಲಾಕೃತಿಗೆ ಕಾಲು ಬಂತು

ತಪ್ಪು ಆದದ್ದು ಇಷ್ಟೇ: ಕಾಮಿನಿ ಬೂದ್‌ರಾಮ್ ತನ್ನ ಕಲಾಕೃತಿ ನೆಟ್ಟಗೆ ನಿಲ್ಲುತ್ತದೋ ಇಲ್ಲವೋ ನೋಡಲು ಅದನ್ನು ಮನೆಯಂಗಳದಲ್ಲಿ ನೆಟ್ಟಳು. ಸಾಲು ಬಿದಿರು, ತುದಿಯಲ್ಲಿ ಅಜ್ಜಿಯ ಹಳೆಯ ಓಢನಿ ಕತ್ತರಿಸಿ ಮಾಡಿದ ಕೆಂಪು, ಹಳದಿ ಬಾವುಟ. ಸಂಜೆ ಪೋರ್ಟ್ ಆಫ್ ಸ್ಪೇನಿನಲ್ಲಿ ‘ನಮ್ಮ ಬೇರು’ ಪ್ರದರ್ಶನ. ವರ್ಷಗಟ್ಟಲೆ ಅಲೆದು ಗಿಟ್ಟಿಸಿದ ಜಾಗ. ಬಹುಮಾನ ಬಂದರೆ ಅಲ್ಲೇ ಸ್ವಂತ ಪ್ರದರ್ಶನ. ಗೆದ್ದೇ ತೀರುತ್ತೇನೆಂದು ಹಟ ತೊಟ್ಟಿದ್ದಳು.

ಷಗ್ವಾನಸ್ ಊರಲ್ಲಿ ಅಂಗಳದಲ್ಲಿ ದೇವರ ಬಾವುಟವಾದ ಝಂಡಿ ಏರಿತೆಂದರೆ ಪೂಜೆ ಎಂದೇ ಅರ್ಥ. ಎದುರುಮನೆ ಸುಮಿಂತ್ರಾ ಮೌಸಿ ಬಾವುಟ ಕಂಡದ್ದೇ ತಡ, ಬೀದಿಗೆಲ್ಲ ಸಾರಿಬಿಟ್ಟಳು. ಕಾಮಿನಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಂಡಿತರು ಬಿದಿರಿಗೆ ಸಿಂಧೂರ ಹಚ್ಚಿ ಮಂತ್ರ ಮುಗಿಸಿದ್ದರು.

“ಮೌಸಿ, ಇದು ಪೂಜೆ ಅಲ್ಲ, ಕಲೆ!”

“ಕಲೆ ಆದ್ರೆ ಹನುಮಂತ ಬರಲ್ವಾ? ಇನ್ನು ಕೀಳೋ ಹಾಗಿಲ್ಲ ಬೇಟಿ, ಬಿದಿರು ತಾನಾಗೇ ಕೊಳೀಬೇಕು. ತಗೋ, ಪರ್ಸಾದ ತಿನ್ನು.”

ಹೊರಗೆ ಕೃತಿ ಒಯ್ಯಲು ಬಂದ ವ್ಯಾನು ಹಾರ್ನ್ ಹೊಡೆಯಿತು. ಗೇಟಿಗೆ ಓಡಿದ ಕಾಮಿನಿ ಥಟ್ಟನೆ ನಿಂತಳು. ಬೀದಿಯವರ ಚಪ್ಪಲಿಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಒಳಗೆ ಕಣ್ಣುಮುಚ್ಚಿ ಭಜನೆ ನಡೆದಿತ್ತು. ಅವಳು ಗೋಣಿಚೀಲ ತಂದಳು.

ಗ್ಯಾಲರಿಯ ಕಟ್ಟೆಯ ಮೇಲೆ ರಾಶಿ ಸುರಿದು ‘ದಾಟಿ ಬಂದ ಪಾದಗಳು’ ಎಂದು ಬರೆದಿಟ್ಟಳು. ಕಳೆ ಕಟ್ಟಲೆಂದು ತನ್ನ ಹೊಸ ಚಪ್ಪಲಿಯನ್ನೂ ಬಿಚ್ಚಿ ಮೇಲಿಟ್ಟಳು. ಹೆಮ್ಮೆ ತಡೆಯಲಾರದೆ ಫೋಟೋ ತೆಗೆದು ಗುರುತಿದ್ದವರೆಲ್ಲರ ಫೋನಿಗೂ ಕಳಿಸಿದಳು.

“ಅಬ್ಬಾ! ಕಬ್ಬಿನ ಗದ್ದೆ ಕೂಲಿಗೆ ಹಡಗಲ್ಲಿ ಕಡಲು ದಾಟಿ ಬಂದ ಹಿರಿಯರ ನಡಿಗೆ!” ಎಂದು ತೀರ್ಪುಗಾರ ಲೆನಾಕ್ಸ್ ಕಣ್ಣೊರೆಸಿಕೊಂಡ. ಕಾಮಿನಿಗೆ ಬಹುಮಾನ ಕೈಗೇ ಬಂದಂತಾಯಿತು.

ಆಗ ಬಾಗಿಲು ದಡಾರನೆ ತೆರೆಯಿತು. ಬರಿಗಾಲಲ್ಲಿ ಮೌಸಿ, ಬೆನ್ನ ಹಿಂದೆ ಬರಿಗಾಲ ಬೀದಿ.

“ಅಯ್ಯೋ ಕಳ್ಳಿ! ದೇವರ ಮುಂದೆ ಕೂತೋರ ಚಪ್ಪಲಿಗೇ ಕೈ ಹಾಕಿದ್ಯಾ?”

“ಮುಟ್ಟಬೇಡಿ, ಕಲಾಕೃತಿ!” ಕಾವಲುಗಾರ ಅಡ್ಡ ಬಂದ.

“ನಿನ್ನ ಕಲಾಕೃತಿ ನಾನು ದಿನಾ ಬಚ್ಚಲಿಗೆ ಹಾಕ್ಕೊಂಡು ಹೋಗೋದು! ಸರಿಯೋ ಆ ಕಡೆ!” ಮೌಸಿ ಅವನನ್ನು ತಳ್ಳಿದಳು.

ನೂಕುನುಗ್ಗಲಲ್ಲಿ ಕೈಗೆ ಸಿಕ್ಕಿದ್ದು ಅವರವರ ಕಾಲಿಗೇರಿತು. ರಾಶಿ ಕರಗಿತು. ಕಾಮಿನಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಲೆನಾಕ್ಸ್ ಮಾತ್ರ ಎದ್ದು ಚಪ್ಪಾಳೆ ತಟ್ಟಿದ.

“ಕಳಕೊಂಡದ್ದನ್ನ ಜನ ತಾವೇ ಬಂದು ಕಿತ್ಕೊಳ್ಳೋದು! ಇದು ಜೀವಂತ ಕಲೆ!” ಎಂದು ಬಹುಮಾನದ ಹಾರವನ್ನು ಮೌಸಿಯ ಕೊರಳಿಗೇ ಹಾಕಿಬಿಟ್ಟ.

“ಸ್ವಾಮಿ, ಕೃತಿ ನಂದು!” ಕಾಮಿನಿ ಕೂಗಿದಳು.

“ಎಲ್ಲಿದೆಯಮ್ಮಾ ನಿನ್ನ ಕೃತಿ?” ಲೆನಾಕ್ಸ್ ಕಟ್ಟೆ ತೋರಿಸಿದ.

ಅಲ್ಲಿ ಉಳಿದದ್ದು ಹಿಮ್ಮಡಿ ಸವೆದ, ಪಿನ್ನು ಚುಚ್ಚಿದ ಬಚ್ಚಲ ಚಪ್ಪಲಿ ಒಂದೇ ಜೊತೆ. ಫೋಟೋಗೆ ನಿಂತ ಮೌಸಿಯ ಕಾಲಲ್ಲಿ ಕಾಮಿನಿಯ ಹೊಸ ಚಪ್ಪಲಿ ಮಿಂಚುತ್ತಿತ್ತು.